ಹೇಳಿದವರ ಮೈಗೆ

ನಮ್ಮೂರಲ್ಲಿ ಯಾರೂ ಯಾರಿಗೂ ಸುಮ್ಮಸುಮ್ಮನೆ ‘ಒಂದು ಲೋಟ ನೀರು ತಾ’ ಅನ್ನುವುದಿಲ್ಲ. ಅಂದರೆ ತಂದುಕೊಡುತ್ತಾರೆ, ಅದಕ್ಕೇನೂ ಕೊರತೆಯಿಲ್ಲ. ಆದರೆ ಅಡುಗೆಮನೆಗೆ ಹೋಗಿಬಂದ ಕಾಲಿನ ದಣಿವು ಕೇಳಿದವನ ಕಾಲಿಗೆ ಬರುತ್ತದೆ. ಅದಕ್ಕಿಂತ ತಾನೇ ಎದ್ದು ಹೋಗುವುದು ವಾಸಿ. ‘ಮಾಡಿದವರ ಪಾಪ ಆಡಿದವರ ಬಾಯಿಗೆ’ ಅಂತ ಬೇರೆ ಊರಿನವರು ಗಾದೆ ಹೇಳುತ್ತಾರಂತೆ. ಪಾಪದ ವಿಚಾರ ನಮಗೆ ಗೊತ್ತಿಲ್ಲ. ನಮ್ಮಲ್ಲಿ ‘ಮಾಡಿದವರ ದಣಿವು ಹೇಳಿದವರ ಮೈಗೆ’. ಅತ್ತೆ ಸೊಸೆಗೆ ಹೇಳಿ, ಸೊಸೆ ಮೈದುನನಿಗೆ ಹೇಳಿ, ಅವನು ಬಾವಿಯಿಂದ ನೀರು ಸೇದಿದರೆ ರಟ್ಟೆ ನೋಯುವುದು ಅತ್ತೆಗೆ. ಹೇಳಿಕೆ ಎಲ್ಲಿಂದ ಹೊರಟಿತೋ ದಣಿವು ಅಲ್ಲಿಗೇ ಹೋಗಿ ನಿಲ್ಲುತ್ತದೆ. ಹಾಗಾಗಿ ನಮ್ಮೂರ ಅತ್ತೆಯರು ಬಲು ಸಾಧುಗಳು. ಬಂದ ಬೀಗರೆಲ್ಲ ಹೊಗಳಿಯೇ ಹೋಗುತ್ತಾರೆ.

ದಣಿವಿಗೆ ಹೇಗೋ ವಿಶ್ರಾಂತಿಗೂ ಹಾಗೇ. ‘ಮಲಗು’ ಅಂತ ನೀವು ಒಬ್ಬರಿಗೆ ಹೇಳಿದಿರೋ, ಮಲಗುವುದು ಅವರು, ಹಗುರಾಗುವುದು ನಿಮ್ಮ ಮೈ. ನಮ್ಮೂರ ಡಾಕ್ಟರಿಗೆ ಎಪ್ಪತ್ತು ಸಮೀಪಿಸಿದರೂ ಮುಖ ಟೊಮೆಟೊ ಹಣ್ಣಿನ ಹಾಗಿದೆ; ಬಂದ ರೋಗಿಗೆಲ್ಲ ‘ರೆಸ್ಟ್ ತಗೊಳ್ಳಿ’ ಅಂತ ಹೇಳಿ ಹೇಳಿಯೇ ಹಾಗಾದದ್ದು ಅಂತ ಜನ ಆಡಿಕೊಳ್ಳುತ್ತಾರೆ. ನನ್ನ ಹೆಂಡತಿ ಮುರಿಗೆಮ್ಮ ಮದುವೆಯಾಗಿ ಬಂದ ಮೇಲೆ ಒಂದೇ ಒಂದು ಸಲ ನನಗೆ ‘ಸ್ವಲ್ಪ ಅಡ್ಡಾಗ್ರಿ’ ಅಂದವಳಲ್ಲ. ಚಾಪೆ ಹಾಸುತ್ತಿದ್ದಳು, ದಿಂಬು ಇಡುತ್ತಿದ್ದಳು, ತುಟಿ ಬಿಗಿಹಿಡಿದು ಅತ್ತ ಹೋಗಿಬಿಡುತ್ತಿದ್ದಳು. ಪರವೂರಿನವರು ಕಂಡರೆ ‘ಎಂಥಾ ಕಲ್ಲೆದೆ ಹೆಂಗಸಪ್ಪಾ’ ಅನ್ನಬೇಕು. ಆ ಬಿಗಿದ ತುಟಿಯ ಬೆಲೆ ನನಗೆ ಗೊತ್ತಿತ್ತು.

ನಾನು ಹಾಲೇಶಪ್ಪ. ಸಾಹುಕಾರ ಪಂಪಣ್ಣನವರ ಮಂಡಕ್ಕಿ ಭಟ್ಟಿಯ ಮ್ಯಾನೇಜರ್. ಬೇರೆ ಕಡೆ ಮ್ಯಾನೇಜರ್ ಅಂದರೆ ದೊಡ್ಡ ಪದವಿಯಂತೆ, ಹೆಣ್ಣು ಕೊಡಲು ನಾ ಮುಂದು ತಾ ಮುಂದು ಅಂತ ಬರುತ್ತಾರಂತೆ. ನಮ್ಮಲ್ಲಿ ‘ಅಯ್ಯೋ ಪಾಪ, ಯಾಕಾಯ್ತು?’ ಅಂತ ಕೇಳುತ್ತಾರೆ. ಭತ್ತ ಬೇಯಿಸುವವರು, ಕಣದಲ್ಲಿ ಹರವಿ ಒಣಗಿಸುವವರು, ಕಾದ ಮರಳಲ್ಲಿ ಅಕ್ಕಿ ಹಾಕಿ ಅರಳಿಸುವವರು, ಜರಡಿ ಹಿಡಿದು ಮರಳು ಬೇರೆ ಮಾಡುವವರು, ಚೀಲ ಹೊರುವವರು, ಇಷ್ಟೂ ಜನಕ್ಕೆ ಬೆಳಿಗ್ಗೆ ಎದ್ದು ‘ಶುರು ಮಾಡ್ರಪಾ’ ಅನ್ನಬೇಕಾದವನು ನಾನು. ಅಂದ ಮೇಲೆ ಮುಗಿಯಿತು. ಅವರು ಹಾಡಿಕೊಂಡು, ಒಬ್ಬರನ್ನೊಬ್ಬರು ಚುಡಾಯಿಸಿಕೊಂಡು ದುಡಿಯುತ್ತಿದ್ದರು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬೆವರುತ್ತಿದ್ದೆ.

ಮಣಿಕಟ್ಟು ಜುಮುಗುಟ್ಟಿದರೆ ದುರುಗವ್ವ ಜರಡಿ ಹಿಡಿದಿದ್ದಾಳೆ ಅಂತ ತಿಳಿಯುತ್ತಿತ್ತು. ಕಣ್ಣು ಉರಿದರೆ ಬುಡೇನ್‌ಸಾಬ್ ಒಲೆಯ ಮುಂದೆ ಕೂತಿದ್ದಾನೆ. ಹೆಗಲು ಕಡಿಯತೊಡಗಿದರೆ ಚೀಲಗಳು ಲಾರಿ ಏರುತ್ತಿವೆ. ಯಾರು ಬೀಡಿ ಸೇದಲು ಹೋದರು ಅನ್ನುವುದೂ ಕುರ್ಚಿಯಿಂದ ಏಳದೆ ಗೊತ್ತಾಗುತ್ತಿತ್ತು, ಯಾಕೆಂದರೆ ಅಷ್ಟು ಹೊತ್ತು ನನ್ನ ಮೈಯ ಒಂದು ಕಡೆ ತಣ್ಣಗಿರುತ್ತಿತ್ತು. ಒಮ್ಮೆ ಕಣ್ಣುರಿಯ ಜೊತೆಗೆ ಎಡ ಭುಜದಲ್ಲಿ ಹೊಸದೊಂದು ದಣಿವು ಬಂತು. ‘ಏನ್ ಸಾಬಣ್ಣ, ಬಲಗೈ ಯಾಕ ಉಳಿಸ್ಕೊಳ್ಳಾಕ ಹತ್ತಿ?’ ಅಂತ ಬುಡೇನ್‌ಸಾಬನನ್ನು ಕೇಳಿದೆ. ಆಸಾಮಿ ಬೆಪ್ಪಾಗಿ ನಿಂತ. ಬಲ ಅಂಗೈಯಲ್ಲಿ ಮುಳ್ಳು ಮುರಿದುಕೊಂಡದ್ದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಅವತ್ತು ಅವನನ್ನು ಒಲೆಯಿಂದ ಎಬ್ಬಿಸಿ ಕಣಕ್ಕೆ ಕಳಿಸಿದೆ.

‘ನಿನಗೆ ಹೇಳುವವರು ಸಾಹುಕಾರರಲ್ಲವಾ, ಆ ದಣಿವು ಅವರಿಗೆ ಹೋಗಬೇಕಲ್ಲ?’ ಅಂತ ನೀವು ಕೇಳಬಹುದು. ಸಾಹುಕಾರರು ನನಗೆ ಒಂದು ಸಲವೂ ಏನನ್ನೂ ಹೇಳಲಿಲ್ಲ ಮಾರಾಯರೇ! ಸೇರಿದ ದಿನ ಹೆಗಲ ಮೇಲೆ ಕೈಹಾಕಿ, ‘ಹಾಲೇಶಿ, ಈ ಭಟ್ಟಿ ನಿಂದೇ ಅಂತ ತಿಳ್ಕೊ’ ಅಂದರು, ಅಷ್ಟೇ. ಆಗಿನ್ನೂ ಮೀಸೆ ಚಿಗುರಿದ ವಯಸ್ಸು, ನನ್ನ ಕಣ್ಣಲ್ಲಿ ನೀರು ಬಂತು. ನನ್ನದು ಅಂತ ತಿಳಿದೆ. ತಿಳಿದ ಮೇಲೆ ಹೇಳಿಕೆ ನನ್ನಿಂದಲೇ ಹೊರಟಂತಾಯಿತು, ದಣಿವೆಲ್ಲ ನನ್ನಲ್ಲೇ ನಿಂತಿತು. ಸಾಹುಕಾರರು ಸಂಜೆ ಬಿಳಿ ಪಂಚೆ ಉಟ್ಟು ವಾಕಿಂಗ್ ಹೋಗುತ್ತಿದ್ದರು. ನನ್ನನ್ನು ಕಂಡರೆ, ‘ನಿನ್ನ ಭಟ್ಟಿ ಹೆಂಗೈತಪಾ?’ ಅನ್ನುವರು.

ಹೀಗೇ ವರ್ಷಗಳು ಹೋದವು. ಭಟ್ಟಿಯಿಂದ ಮನೆಗೆ ಬರುವ ದಾರಿಯಲ್ಲಿ ಮೂರು ಕಡೆ ಕೂತು ಬರುವಂತಾಯಿತು. ಮುರಿಗೆಮ್ಮ ತಟ್ಟೆ ಇಟ್ಟರೆ ತುತ್ತು ಎತ್ತುವ ಮೊದಲೇ ನಿದ್ದೆ. ಕಡೆಗೊಂದು ದಿನ ಎದೆ ಹಿಡಿದುಕೊಂಡಿತು. ಡಾಕ್ಟರು ಕೊಳವೆ ಇಟ್ಟು ನೋಡಿ ಮುಖ ಸಣ್ಣದು ಮಾಡಿದರು. ‘ಹಾಲೇಶಪ್ಪಾ, ಇನ್ನೊಂದು ಹಂಗಾಮು ಹಿಂಗ ಹೊತ್ತರ ಈ ಎದಿ ನಿಲ್ಲಂಗಿಲ್ಲ. ಬರದಿಟ್ಕೊ’ ಅಂದರು. ‘ರೆಸ್ಟ್’ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪುಣ್ಯಾತ್ಮ, ನನ್ನ ಕಡೆ ನೋಡಿ ನುಂಗಿಕೊಂಡರು. ಜನ ಆಡಿಕೊಳ್ಳುವಷ್ಟು ಕೆಟ್ಟವರೇನಲ್ಲ.

ನನ್ನ ಜಾಗಕ್ಕೆ ಸಾಹುಕಾರರು ಹೊರಗಿನಿಂದ ನಿರಂಜನಮೂರ್ತಿ ಅನ್ನುವವರನ್ನು ಕರೆಸಿದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಬಂದವರೇ ನನ್ನ ಕುರ್ಚಿಯನ್ನು ನೋಡಿ, ‘ಇದು ಅವೈಜ್ಞಾನಿಕ, ಹಾಲೇಶಪ್ಪನವರೇ. ಒಬ್ಬರ ಮೇಲೆ ಇಷ್ಟು ಭಾರವೇ? ಮ್ಯಾನೇಜ್‌ಮೆಂಟ್ ಅನ್ನುವುದು ಒಂದು ಶಾಸ್ತ್ರ’ ಅಂದರು. ಭಟ್ಟಿಯವರೆಲ್ಲ ವೃತ್ತವಾಗಿ ನಿಂತು ಪ್ರತಿಯೊಬ್ಬರೂ ಪಕ್ಕದವರಿಗೆ ಕೆಲಸ ಹೇಳಿದರೆ ದಣಿವು ಸಮನಾಗಿ ಹಂಚಿಹೋಗುತ್ತದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದರು. ಹೀಗೆ ಮಾಡಿ ಅಂತ ಹೇಳಲಿಲ್ಲ ನೋಡಿ, ವಿವರಿಸಿದರು. ಜನ ತಾವೇ ಖುಷಿಯಾಗಿ ಒಪ್ಪಿಕೊಂಡರು. ಸುತ್ತು ಹಾಕಿದ ಹೇಳಿಕೆಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ದಣಿವು ಗಾಣದೆತ್ತಿನ ಹಾಗೆ ಭಟ್ಟಿಯೊಳಗೆ ಸುತ್ತತೊಡಗಿತು. ಒಂದು ವಾರದೊಳಗೆ, ‘ನಂದಲ್ಲದ ನಡ ನೋಯಾಕ ಹತ್ತೈತಿ, ಯಾರದಿದು? ಮುಂದ ಬರ್ರಿ!’ ಅಂತ ಒಬ್ಬ. ‘ನೀ ಬೇಕಂತ ಜಾಸ್ತಿ ದಣದು ನನ್ನ ಮ್ಯಾಲ ಹೇರ್ತಿ’ ಅಂತ ಇನ್ನೊಬ್ಬ. ದುರುಗವ್ವ ಜರಡಿ ಎತ್ತಿ ಎಸೆದಳು. ಶಾಸ್ತ್ರ ಅಲ್ಲಿಗೆ ಮುಗಿಯಿತು.

ಆಮೇಲೆ ನಿರಂಜನಮೂರ್ತಿಗಳು, ‘ನಾನು ತಪ್ಪು ತಿಳಿದಿದ್ದೆ. ಮ್ಯಾನೇಜ್‌ಮೆಂಟ್ ಒಂದು ಕಲೆ’ ಅಂದರು. ಕಲೆಯೆಂದರೆ ಅದಪ್ಪಾ ಕಲೆ! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಬೆಳಿಗ್ಗೆ ಬಂದು ಯಾರಿಗೂ ಏನೂ ಹೇಳುತ್ತಿರಲಿಲ್ಲ. ‘ದುರುಗಮ್ಮನವರೇ, ತಮ್ಮ ಕೈಯ ಜರಡಿಯಲ್ಲಿ ಬಿದ್ದ ಮಂಡಕ್ಕಿಗೆ ಬೇರೆಯದೇ ರುಚಿ ಅಂತ ಪೇಟೆಯಲ್ಲಿ ಮಾತು’ ಅನ್ನುವರು. ‘ಬುಡೇನ್‌ಸಾಹೇಬರೇ, ಈ ಒಲೆ ತಮ್ಮನ್ನು ಬಿಟ್ಟು ಇನ್ನೊಬ್ಬರ ಮಾತು ಕೇಳುವುದಿಲ್ಲವಲ್ಲ’ ಅನ್ನುವರು. ಹುಟ್ಟಿದಾಗಿನಿಂದ ಅವನನ್ನು ಸಾಹೇಬರೇ ಅಂದವರು ಯಾರು? ಅವನು ಸೆಟೆದು ಕೂತ. ‘ನಮ್ಮ ಭಟ್ಟಿ, ನಮ್ಮ ಮನೆ, ನಾವೆಲ್ಲ ಒಂದೇ ಕುಟುಂಬ’ ಅಂತ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದರು. ಜನ ಹೊತ್ತು ಹುಟ್ಟುವ ಮೊದಲೇ ತಾವಾಗಿ ಬರತೊಡಗಿದರು. ಹೇಳಿದವರು ಯಾರೂ ಇರಲಿಲ್ಲವಾಗಿ ದಣಿವು ಎಲ್ಲಿಗೂ ಹೋಗಲಿಲ್ಲ.

ನಾನೋ, ಮನೆಯಲ್ಲಿ ಮಹಾರಾಜ. ಬೆಳಿಗ್ಗೆ ಕಣ್ಣುಬಿಟ್ಟರೆ ಮೈಯಲ್ಲಿ ನಾನೊಬ್ಬನೇ ಇದ್ದೆ. ಮಣಿಕಟ್ಟು ನನ್ನದು, ಹೆಗಲು ನನ್ನದು. ಮುರಿಗೆಮ್ಮನ ಜೊತೆ ಸಂತೆಗೆ ಹೋದೆ, ಬದನೆಕಾಯಿ ಆರಿಸಿದೆ, ಹುಳ ಬಿದ್ದದ್ದನ್ನು ತಂದೆ ಅಂತ ಬೈಸಿಕೊಂಡೆ. ಉಂಡ ಮೇಲೆ ಅವಳು ಮಾತಾಡುತ್ತಿದ್ದಳು, ನಾನು ಎಚ್ಚರವಾಗಿದ್ದು ಕೇಳುತ್ತಿದ್ದೆ. ಅವಳಿಗೆ ಇಷ್ಟು ಮಾತು ಬರುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ‘ಇಷ್ಟ್ ದಿನ ಯಾರಿಗೆ ಹೇಳ್ಲಿ? ಗೋಡಿಗೆ ಹೇಳ್ತಿದ್ದೆ’ ಅಂದಳು.

ಒಂದು ಸಂಜೆ ದುರುಗವ್ವ ನಮ್ಮ ಕಟ್ಟೆಯ ಮೇಲೆ ಬಂದು ಕೂತಳು. ಕೈಗಳನ್ನು ತೊಡೆಯ ಮೇಲೆ ಬೇರೆ ಯಾರದೋ ಸಾಮಾನಿನ ಹಾಗೆ ಇಟ್ಟುಕೊಂಡಿದ್ದಳು.

‘ಹಾಲೇಶಣ್ಣಾ, ನಂಗ ಏನೋ ರೋಗ ಬಡದೈತಿ. ಕೈ ಜುಮು ಜುಮು ಅಂತಾವ. ಉಣ್ಣಾಕ ಕುಂತರ ಕಣ್ಣು ಮುಚ್ಚತಾವ. ದೃಷ್ಟಿ ತಗಿಸಿದೆ, ಯಂತ್ರ ಕಟ್ಟಿಸಿದೆ. ಡಾಕ್ಟರು ಟಾನಿಕ್ ಕೊಟ್ಟಾರ. ಭಟ್ಟಿಯಾಗ ಎಲ್ಲಾರಿಗೂ ಬಂದೈತಿ. ಭತ್ತದಾಗ ಏನೋ ವಿಷ ಐತಿ ಅಂತಾರ.’

‘ಮನಿ ಕೆಲಸ ಮಾಡಿದಾಗ ದಣಿಯಂಗಿಲ್ಲೇನು ನೀನು?’ ಅಂತ ಕೇಳಿದೆ.

‘ಅದೇನ್ ದಣಿವು ಬಿಡಣ್ಣ, ಉಂಡು ಮಲಗಿದ್ರ ಹೋಗ್ತೈತಿ. ಇದು ಮಲಗಿ ಎದ್ದರೂ ನನಗಿಂತ ಮೊದಲ ಎದ್ದು ಕುಂತಿರ್ತೈತಿ.’

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದು ರೋಗವಲ್ಲ, ಅದು ನನ್ನ ಹಳೆಯ ಗೆಣೆಕಾರ! ಆ ಜುಮುಜುಮು ನನಗೆ ಅವಳಿಗಿಂತ ಚೆನ್ನಾಗಿ ಗೊತ್ತು. ಹುಟ್ಟಾ ಕೂಲಿ ಮಾಡಿದ ಹೆಂಗಸಿಗೆ ಕೂಲಿಯ ದಣಿವು ಹೇಗಿರುತ್ತದೆ ಅಂತ ಈಗ ಮೊದಲ ಸಲ ತಿಳಿಯುತ್ತಿತ್ತು. ‘ಬಿಸಿನೀರಾಗ ಉಪ್ಪು ಹಾಕ್ಕೊಂಡು ಕೈ ಇಟ್ಕೊಂಡ್ರ ಹಗುರಾಕ್ಕಾವು, ನಾ ಹಂಗ ಮಾಡ್ತಿದ್ದೆ’ ಅಂದೆ. ಮುರಿಗೆಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಮತ್ತೆ ಆ ಕುರ್ಚಿಗೆ ಹೋಗುವ ಯೋಚನೆ ನನ್ನ ತಲೆಯೊಳಗೆ ಓಡುತ್ತಿದೆ ಅಂತ ಅವಳಿಗೆ ಗೊತ್ತಾಗಿತ್ತು.

ಅಷ್ಟರಲ್ಲಿ ಸಾಹುಕಾರರು ಸಮುದಾಯ ಭವನದಲ್ಲಿ ನಿರಂಜನಮೂರ್ತಿಗಳಿಗೆ ಸನ್ಮಾನ ಇಟ್ಟುಕೊಂಡರು. ಜೊತೆಗೆ ‘ಮ್ಯಾನೇಜ್‌ಮೆಂಟ್: ಶಾಸ್ತ್ರವೋ ಕಲೆಯೋ?’ ಅಂತ ವಿಚಾರಗೋಷ್ಠಿ. ಕಲೆಯ ಪರ ಅವರು, ಶಾಸ್ತ್ರದ ಪರ ಮಾತಾಡಲು ಯಾರೂ ಸಿಗದೆ ನಾನು. ಅವರು ಒಂದು ಗಂಟೆ ಮಾತಾಡಿದರು. ‘ಆಜ್ಞಾಪಿಸುವವನು ದಣಿಯುತ್ತಾನೆ. ಪ್ರೇರೇಪಿಸುವವನು ಅರಳುತ್ತಾನೆ’ ಅಂದಾಗ ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲುಗಳಲ್ಲಿ ಭಟ್ಟಿಯವರೆಲ್ಲ ಕೂತಿದ್ದರು. ಪ್ರತಿ ಮಾತಿಗೂ ತಲೆ ಆಡಿಸುತ್ತಿದ್ದಾರೆ ಅಂತ ವೇದಿಕೆಯವರು ಸಂತೋಷಪಟ್ಟರು. ನನ್ನ ಕಣ್ಣಿಗೆ ಕಂಡಿತು, ಅವರು ತೂಕಡಿಸುತ್ತಿದ್ದರು. ದುರುಗವ್ವ ಬಾಯಿ ತೆರೆದು ಪಕ್ಕದವಳ ಭುಜಕ್ಕೆ ಒರಗಿದ್ದಳು. ಬುಡೇನ್‌ಸಾಬ್ ಮಾತ್ರ ಇರಲಿಲ್ಲ. ಒಲೆ ಆರಬಾರದು ಅಂತ ಅವನು ತಾನಾಗಿಯೇ ಭಟ್ಟಿಯಲ್ಲಿ ಉಳಿದಿದ್ದನಂತೆ.

ನನ್ನ ಸರದಿ ಬಂತು. ಎದ್ದು ಮೈಕು ಹಿಡಿದೆ. ‘ಶಾಸ್ತ್ರಾನೂ ನಂಗ ಗೊತ್ತಿಲ್ಲ, ಕಲಾನೂ ಗೊತ್ತಿಲ್ಲ. ನಂಗ ಮೈ ನೋಯ್ತಿತ್ತು, ಅಷ್ಟ…’ ಅಂದೆ. ಜನ ಗೊಳ್ಳೆಂದು ನಕ್ಕರು. ಆ ನಗು ನಿಲ್ಲುವ ಮೊದಲೇ ಬುಡೇನ್‌ಸಾಬನ ಹೆಂಡತಿ ಹಿಂದಿನ ಬಾಗಿಲಿಂದ ಕೂಗಿಕೊಂಡು ಓಡಿಬಂದಳು. ಬುಡೇನ್‌ಸಾಬ್ ಒಲೆಯ ಮುಂದೆ ನಿಂತಲ್ಲೇ ನಿದ್ದೆಹೋಗಿ, ಕಾದ ಮರಳಿಗೆ ಮೊಣಕೈವರೆಗೂ ಕೈ ಹಾಕಿಬಿಟ್ಟಿದ್ದ.

ಆಸ್ಪತ್ರೆಯಲ್ಲಿ ಅವನ ಕೈಗೆ ಬಾಳೆಹಣ್ಣಿನ ಗೊನೆಯ ಹಾಗೆ ಬಟ್ಟೆ ಸುತ್ತಿದ್ದರು. ‘ಸ್ವಲ್ಪ ಕಣ್ಣು ಮುಚ್ಚಿದ್ವು ಅಣ್ಣಾ, ಯಾಕ ಮುಚ್ಚಿದ್ವೋ ಗೊತ್ತಿಲ್ಲ’ ಅಂತ ಒಂದೇ ಮಾತು ಹೇಳುತ್ತಿದ್ದ. ನಾನು ಕುರ್ಚಿಯಲ್ಲಿ ಇದ್ದಿದ್ದರೆ ನನ್ನ ಕಣ್ಣು ಮುಚ್ಚಿಬರುತ್ತಿತ್ತು, ನಾನು ಅವನನ್ನು ಎಬ್ಬಿಸಿ ಕಳಿಸುತ್ತಿದ್ದೆ. ಆದರೆ ಅವತ್ತು ಅವನ ಕಣ್ಣಿನ ಉರಿ ಯಾರ ಕಣ್ಣಿಗೂ ತಲುಪಿರಲಿಲ್ಲ.

ಮರುದಿನದಿಂದ ಭಟ್ಟಿ ತಣ್ಣಗಾಯಿತು. ವಿಷ ಭತ್ತದಲ್ಲಿಲ್ಲ, ಹೊಗಳಿಸಿಕೊಂಡರೆ ಮೈ ನೋಯುತ್ತದೆ ಅನ್ನುವುದು ಜನಕ್ಕೆ ಗೊತ್ತಾಗಿಹೋಗಿತ್ತು. ನಿರಂಜನಮೂರ್ತಿಗಳು ‘ದುರುಗಮ್ಮನವರೇ’ ಅಂದರೆ ಅವಳು ಎರಡೂ ಕಿವಿ ಮುಚ್ಚಿಕೊಂಡು ಓಡುತ್ತಿದ್ದಳು. ಅವರು ಹೆಚ್ಚು ದಿನ ನಿಲ್ಲಲಿಲ್ಲ, ಶಾಲು ಮಡಿಚಿಕೊಂಡು ಬೇರೆ ಊರಿಗೆ ಹೋದರು. ಸಾಹುಕಾರರು ನನ್ನನ್ನು ಕರೆಸಿದರು. ಹೆಗಲ ಮೇಲೆ ಅದೇ ಕೈ.

‘ಹಾಲೇಶಿ, ನಿನ್ನ ಭಟ್ಟಿ ಆರೈತಲ್ಲೋ.’

ನನಗೆ ಎಲ್ಲಿತ್ತೋ ಧೈರ್ಯ. ‘ಸಾಹುಕಾರ್ರೇ, ನಾ ಹೋಗ್ತೀನಿ. ಆದ್ರ ಒಂದು ಸಲ, ಒಂದೇ ಸಲ, ನಿಮ್ಮ ಬಾಯಿಂದ ಹೇಳ್ರಿ. “ಹಾಲೇಶಿ, ಹೋಗಿ ಭಟ್ಟಿ ನಡಸು” ಅಂತ. ಅಷ್ಟ ಸಾಕು’ ಅಂದೆ.

ಅವರು ನನ್ನನ್ನು ನೋಡಿದರು. ಬಿಳಿ ಪಂಚೆಯ ಅಂಚು ಸರಿಮಾಡಿಕೊಂಡರು. ಒಂದು ಕ್ಷಣ ತುಟಿ ಅಲುಗಿದ್ದನ್ನು ನಾನು ಕಂಡೆ, ಸುಳ್ಳು ಹೇಳುವುದಿಲ್ಲ. ಆಮೇಲೆ ನಕ್ಕುಬಿಟ್ಟರು. ‘ನಾ ಹೇಳೋದೇನೈತೋ ಹುಚ್ಚಪ್ಪಾ! ನಿಂದೇ ಅಲ್ಲೇನು?’ ಅಂದರು. ನನಗೆ ಉಗಿಯುವಷ್ಟು ಸಿಟ್ಟು ಬಂತು. ಉಗಿಯಲಿಲ್ಲ, ಎದ್ದು ಬಂದೆ.

ಅದಾದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಭಟ್ಟಿಯವರೆಲ್ಲ ನಮ್ಮ ಮನೆಯ ಮುಂದೆ ನಿಂತಿದ್ದರು. ದುರುಗವ್ವ ಇದ್ದಳು, ಕೈಗೆ ಬಟ್ಟೆ ಸುತ್ತಿಕೊಂಡು ಬುಡೇನ್‌ಸಾಬನೂ ಇದ್ದ. ಯಾರೂ ‘ಬಾ’ ಅನ್ನಲಿಲ್ಲ. ನನ್ನ ದಣಿವು ಹೊರುವ ಶಕ್ತಿ ಅವರಲ್ಲಿ ಯಾರಿಗಿತ್ತು? ಬೀದಿಯ ಅರ್ಧ ಒಲೆಗಳು ಆ ಭಟ್ಟಿಯ ಒಲೆಯಿಂದಲೇ ಉರಿಯಬೇಕು. ಸುಮ್ಮನೆ ನಿಂತರು. ನಾನು ಕಟ್ಟೆಯ ಮೇಲೆ ಕೂತೆ. ಹೋದರೆ ಈ ಹಂಗಾಮಿಗೆ ನನ್ನ ಕಥೆ ಮುಗಿಯುತ್ತದೆ. ಹೋಗದಿದ್ದರೆ ಇವರ ಮುಖ ನೋಡಿಕೊಂಡು ಹೇಗೆ ಇರುವುದು? ಮೊನ್ನೆ ಮೊನ್ನೆ ಹೆಂಡತಿಯ ಮಾತು ಕೇಳಲು ಕಲಿತವನು ನಾನು. ನನಗೆ ಸಾಯುವ ಮನಸ್ಸಿರಲಿಲ್ಲ. ಅಷ್ಟು ಜನರ ಎದುರು ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಆಗ ಒಳಗಿಂದ ಮುರಿಗೆಮ್ಮ ಬಂದಳು. ಸೆರಗು ಸೊಂಟಕ್ಕೆ ಸಿಗಿಸಿದ್ದಳು, ಕೈ ಇನ್ನೂ ಹಿಟ್ಟಾಗಿತ್ತು.

‘ಏಳ್ರಿ’ ಅಂದಳು.

ನಾನು ತಲೆಯೆತ್ತಿ ನೋಡಿದೆ.

‘ಏಳ್ರಿ ಅಂದೆನಲ್ಲ. ಭಟ್ಟಿಗೆ ಹೋಗ್ರಿ. ಕುರ್ಚಿ ಮ್ಯಾಲೆ ಕುಂತು ಎಲ್ಲಾರಿಗೂ ಕೆಲಸ ಹಚ್ಚರಿ. ನಾ ಹೇಳಾಕ ಹತ್ತೀನಿ, ಹೋಗ್ರಿ!’

ದುರುಗವ್ವ ‘ಯವ್ವಾ!’ ಅಂತ ಬಾಯಿಗೆ ಕೈ ಇಟ್ಟಳು. ನಮ್ಮೂರಲ್ಲಿ ಅಂಥ ಮಾತನ್ನು ಯಾರೂ ಯಾರಿಗೂ ಅಂದದ್ದನ್ನು ನಾನು ಕೇಳಿರಲಿಲ್ಲ. ‘ಮುರಿಗಿ, ಬ್ಯಾಡ, ವಾಪಸ್ ತಗೊ’ ಅಂದೆ. ಆಡಿದ ಮಾತು, ಒಡೆದ ಮುತ್ತು. ವಾಪಸ್ ಹೇಗೆ ಬರುತ್ತದೆ? ‘ನಡೀರಿ, ಹೊತ್ತಾತು’ ಅಂತ ಇನ್ನೂ ಒಂದು ಹೇಳಿಕೆಯನ್ನು ಮೇಲೆ ಹಾಕಿ ಒಳಗೆ ಹೋದಳು.

ಅವತ್ತು ಕುರ್ಚಿಯ ಮೇಲೆ ಕೂತು ‘ಶುರು ಮಾಡ್ರಪಾ’ ಅಂದೆ. ಒಲೆ ಹತ್ತಿತು, ಜರಡಿ ಆಡಿತು, ಚೀಲಗಳು ಏರಿದವು. ನನ್ನ ಮಣಿಕಟ್ಟು ಸುಮ್ಮನಿತ್ತು. ಕಣ್ಣು ತಂಪಾಗಿತ್ತು. ಹಾಳಾದ್ದು, ಒಂದು ಕಡೆಯಾದರೂ ನೋಯಬಾರದೇ ಅಂತ ಮೈಯೆಲ್ಲ ತಡಕಾಡಿದೆ. ಭಟ್ಟಿಯವರೂ ಹಾಡಲಿಲ್ಲ. ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ ಕೆಲಸ ಮಾಡಿದರು. ಚೀಲ ಹೊರುವವರು ಅರ್ಧರ್ಧ ಚೀಲ ಹೊತ್ತರು. ‘ಅಕ್ಕನ ಹೆಗಲು’ ಅಂತ ಒಬ್ಬರಿಗೊಬ್ಬರು ನೆನಪಿಸುತ್ತಿದ್ದರು.

ಸಂಜೆ ದಾರಿಯಲ್ಲಿ ಎಲ್ಲೂ ಕೂರದೆ ಮನೆಗೆ ಬಂದೆ. ಮುರಿಗೆಮ್ಮ ಅಡುಗೆಮನೆಯ ಗೋಡೆಗೆ ಒರಗಿ ಕಾಲು ಚಾಚಿದ್ದಳು. ಒಲೆಯ ಮೇಲೆ ಸಾರು ಕುದ್ದು ಉಕ್ಕಿತ್ತು, ಎದ್ದು ಇಳಿಸಲು ಆಗಿರಲಿಲ್ಲ. ನನ್ನನ್ನು ಕಂಡು ನಗಲು ನೋಡಿದಳು. ‘ದುರುಗವ್ವ ಜರಡಿ ಎಡಗೈಲೇ ಎತ್ತಾಳ ಅಲ್ಲ? ಅದಕ ಆಕಿ ನಡ ಹಿಡೀತೈತಿ. ನಾಳೆ ಬಲಗೈಗೆ ಹಚ್ಚರಿ’ ಅಂದಳು. ಒಂದೇ ದಿನದಲ್ಲಿ! ನನಗೆ ಅದು ತಿಳಿಯಲು ಎಷ್ಟೋ ಹಂಗಾಮು ಬೇಕಾಗಿತ್ತು.

‘ಮಲಗು’ ಅನ್ನುವ ಮಾತು ಗಂಟಲಿಗೆ ಬಂತು. ನುಂಗಿಕೊಂಡೆ. ಚಾಪೆ ಹಾಸಿದೆ, ದಿಂಬು ಇಟ್ಟೆ. ಸಾರು ಇಳಿಸಿದೆ. ಬಿಸಿನೀರಿಗೆ ಉಪ್ಪು ಹಾಕಿ ಅವಳ ಕೈ ಅದರಲ್ಲಿಟ್ಟು, ಕಾಲ ಹತ್ತಿರ ಕೂತು ಒತ್ತತೊಡಗಿದೆ. ಒತ್ತಿ ಒತ್ತಿ ನನ್ನ ಬೆರಳು ಸೋತುಬಂದವು. ಯಾರೂ ಹೇಳದೆ ಮಾಡಿದ ಕೆಲಸವಲ್ಲವೇ, ಆ ಸೋಲು ನನ್ನ ಹತ್ತಿರವೇ ಉಳಿಯಿತು. ಒತ್ತುತ್ತಾ ಕೂತೆ.

ಮ್ಯಾನೇಜ್‌ಮೆಂಟ್ ಶಾಸ್ತ್ರವೋ ಕಲೆಯೋ ಅಂತ ಈಗಲೂ ಯಾರಾದರೂ ಓದಿದವರು ಬಂದು ನನ್ನನ್ನು ಕೇಳುತ್ತಾರೆ. ನಮ್ಮ ಮನೆಯವಳನ್ನು ಕೇಳಿ ಅನ್ನುತ್ತೇನೆ, ಆದರೆ ಬೆಳಿಗ್ಗೆ ಮಾತ್ರ ಬರಬೇಡಿ. ಬೆಳಿಗ್ಗೆ ನಮ್ಮ ಮನೆಯಲ್ಲಿ ಇಬ್ಬರಿಗೂ ಪುರುಸೊತ್ತಿರುವುದಿಲ್ಲ. ಅವಳು ಬಾಯಿ ತೆರೆಯುವುದರೊಳಗೆ ನಾನು ಬೀದಿಗೆ ಬೀಳಬೇಕು. ನಾನು ಹೊಸಿಲು ದಾಟುವುದರೊಳಗೆ ಅವಳು ‘ಹೋಗ್ರಿ’ ಅನ್ನಬೇಕು. ಒಂದೊಂದು ದಿನ ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಿಲ ಬಾಗಿಲಿಂದ ಓಡುತ್ತೇನೆ, ಗೆಲ್ಲುತ್ತೇನೆ, ಸಂಜೆ ಮೂರು ಕಡೆ ಕೂತು ಮನೆಗೆ ಬರುತ್ತೇನೆ. ಉಳಿದ ದಿನ ಅವಳು ನನಗಿಂತ ಮೊದಲೇ ಎದ್ದು ಹಿತ್ತಿಲ ಬಾಗಿಲಿಗೆ ಅಡ್ಡ ಕೂತಿರುತ್ತಾಳೆ.